ಎಂಬತ್ತೇಳರ ಮಾಲು

ಸಾರಿ-ಕಿಯಾ
೧೧ ನವೆಂಬರ್ ೨೦೦೬, ಶನಿವಾರ

ನಮ್ಮ ಸಾಲ್ಕಿನ್‌ಳ ತಂದೆಯವರಿಗೆ ತಾಜಿಗುಲ್‌ಳ ಸಲಾಮು.

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಈ ಪತ್ರವನ್ನು ಹಾಗೇ ಮಡಿಸಿ ಇಟ್ಟುಬಿಡಬೇಕು ಎಂದು ನಿಮಗೆ ಅನ್ನಿಸಬಹುದು. ಇಡಬೇಡಿ. ಇದನ್ನು ಬರೆಸುತ್ತಿರುವವರು ನಿಮ್ಮ ಅಮ್ಮ. ಎದುರಿಗೇ ಕೂತಿದ್ದಾರೆ. ಎರಡು ಕಣ್ಣಿಗೂ ಪೊರೆ ಬಂದು ಅಕ್ಷರ ಕಾಣುವುದಿಲ್ಲ, ಕಿವಿ ಮಾತ್ರ ಚೆನ್ನಾಗಿದೆ. ಒಂದೊಂದು ಪುಟ ಮುಗಿದಾಗಲೂ ಓದಿ ಹೇಳಬೇಕು, ಅವರು ಹೂಂ ಅಂದ ಮೇಲೆ ಮುಂದಿನ ಪುಟ ಎಂದು ಕರಾರಾಗಿದೆ. ನಾಳೆ ನಿಮ್ಮ ಅಕ್ಕನ ಮಗ ಗಡಿ ದಾಟಿ ಅಲ್ಲಿಗೆ ಬರುತ್ತಿದ್ದಾನೆ, ಅವನ ಕೈಗೆ ಕೊಟ್ಟು ಕಳಿಸುತ್ತೇವೆ.

ಇಲ್ಲಿ ಎಲ್ಲರೂ ಕ್ಷೇಮ. ಸಾಲ್ಕಿನ್ ರಾಜಧಾನಿಯಲ್ಲಿ ಓದುತ್ತಿದ್ದಾಳೆ. ನಮ್ಮ ಕಟ್ಟಡದ ಹದಿನಾರು ಮನೆಗಳಲ್ಲಿ ಈ ಚಳಿಗಾಲ ಒಲೆ ಹೊತ್ತಿರುವುದು ಆರರಲ್ಲಿ. ಹೋದ ವಾರ ಕಿಟಕಿಗಳ ಸಂದಿಗೆಲ್ಲ ಸೋಪು ಸವರಿ ಕಾಗದದ ಪಟ್ಟಿ ಅಂಟಿಸಿದೆ. ಇನ್ನು ಏಪ್ರಿಲ್ ತನಕ ಒಂದೂ ತೆರೆಯುವ ಹಾಗಿಲ್ಲ. ನಾನು ಊರಿನವರ ಇಸ್ತ್ರಿಪೆಟ್ಟಿಗೆ, ಟೀವಿ ರಿಪೇರಿ ಮಾಡುತ್ತೇನೆ. ಅಡುಗೆಮನೆಯಲ್ಲಿ ಒಂದೇ ಮೇಜು. ಅದರ ಮೇಲೇ ಕೆಲಸ, ಅದರ ಮೇಲೇ ಊಟ.

ಹೋದ ಭಾನುವಾರ ಶಾಲೆಯಲ್ಲಿ ಭೌತಶಾಸ್ತ್ರ ಹೇಳುವ ಶೇರ್‌ಬೋತೋ ಮೇಷ್ಟ್ರು ಕೈಗಾಡಿಯಲ್ಲಿ ಒಂದು ಪೆಟ್ಟಿಗೆ ತಳ್ಳಿಕೊಂಡು ಬಂದರು. ಶಾಲೆಯ ನೆಲಮಾಳಿಗೆಯನ್ನು ಕಲ್ಲಿದ್ದಲು ತುಂಬಲು ಖಾಲಿ ಮಾಡಿಸಿದ್ದಾರಂತೆ. ಹಳೆಯದೆಲ್ಲ ಗುಂಡಿಗೆ ಹೋಯಿತಂತೆ.

"ಇದೊಂದು ಮಾತ್ರ ಎತ್ತಿಟ್ಟೆ ಅಕ್ಕಾ. ಪಾಠಕ್ಕೆ ಬೇಕು ನನಗೆ. ರಿಪೇರಿಯಾಗುತ್ತಾ ನೋಡಿ. ಆಗಲ್ಲ ಅಂದ್ರೆ ಬುಧವಾರ ಗುಜರಿ ಮಮಾಸಾದಿಕ್ ಬರ್ತಾನಲ್ಲ, ಅವನಿಗೆ ಹಾಕಿಬಿಡಿ" ಎಂದರು.

ಗೋಣಿ ಸರಿಸಿದೆ. ನಿಮ್ಮ ರಿಪೇರಿ ಬೆಂಚಿನ ಮೇಲೆ ಸಾಲಾಗಿ ನಿಂತಿರುತ್ತಿದ್ದ ಬೂದು ಬಣ್ಣದ ಆಸಿಲೋಸ್ಕೋಪುಗಳಲ್ಲಿ ಒಂದು. ಕರೆಂಟಿನ ಅಲೆಯನ್ನು ಗೆರೆಯಾಗಿ ತೋರಿಸುವ ಗಾಜಿನ ಮೇಲೆ ಆ ಸಣ್ಣ ಚೌಕದ ಮನೆಗಳು, ಬಲಗಡೆ ಗುಂಡಿಗಳ ಸಾಲು. ತೊಂಬತ್ತೊಂದರಲ್ಲಿ ಕಾರ್ಖಾನೆಯವರು ಶಾಲೆಗೆ ದಾನ ಕೊಟ್ಟಿದ್ದರಲ್ಲ, ಅದೇ. ಆ ಜಾತಿಯವು ಒಟ್ಟಿಗೇ ಅರವತ್ತೊಂದು ಬಂದಿದ್ದವು. ಅರವತ್ತು ಏನಾದವು ಎಂಬುದು ನಿಮಗೆ ಗೊತ್ತು. ಶಾಲೆಯಲ್ಲಿದ್ದದ್ದರಿಂದ ಇದೊಂದು ಉಳಿದುಕೊಂಡಿತ್ತು.

ಅತ್ತೆ ಎದ್ದು ಬಂದು ಅದರ ಮೈಮೇಲೆ ಕೈಯಾಡಿಸಿದರು. "ನಮ್ಮ ಎಸೆನ್‌ಬೆಕ್ ಮುಟ್ಟಿದ್ದಾ ಇದು?" ಎಂದು ಕೇಳಿದರು. ಇರಬಹುದು ಎಂದೆ. ಆಮೇಲೆ ಅದನ್ನು ಮನೆಯಿಂದ ಹೊರಗೆ ಸಾಗಿಸುವುದು ನನ್ನ ಕೈಯಲ್ಲಿ ಉಳಿಯಲಿಲ್ಲ.

ಇಲ್ಲಿಗೆ ಓದಿ ಹೇಳಿದೆ. ಅತ್ತೆ ತಲೆ ಅಲ್ಲಾಡಿಸಿ, "ಹೀಗೆ ನಡುವಿಂದ ಬರೆದ್ರೆ ಯಾರಿಗೆ ಅರ್ಥ ಆಗುತ್ತೆ? ಮೊದಲಿಂದ ಬರಿ. ಅವನು ಅಲ್ಲಿನ ನಾಲ್ಕು ಜನಕ್ಕೆ ತೋರಿಸಬೇಕು ಇದನ್ನ" ಎಂದರು. ಆದ್ದರಿಂದ ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಕಾರ್ಖಾನೆಗೆ ಬರುತ್ತಿದ್ದ ಪ್ರತಿಯೊಂದು ಅಳತೆ ಯಂತ್ರಕ್ಕೂ ಒಂದು ಪಾಸ್‌ಪೋರ್ಟ್ ಪುಸ್ತಕ ಇರುತ್ತಿತ್ತು. ಅದರ ಕೊನೆಯ ಹಾಳೆಯಲ್ಲಿ ಯಂತ್ರದೊಳಗೆ ಎಷ್ಟು ಗ್ರಾಂ ಚಿನ್ನ, ಎಷ್ಟು ಬೆಳ್ಳಿ, ಎಷ್ಟು ಪಲ್ಲಾಡಿಯಂ ಇದೆ ಎಂದು ಅಚ್ಚಾಗಿರುತ್ತಿತ್ತು. ಪಲ್ಲಾಡಿಯಂ ಅಂದರೆ ಚಿನ್ನಕ್ಕೆ ಸಾಟಿಯಾದ ಲೋಹ, ಬೆರಳುಗುರಿನಷ್ಟು ಪುಟ್ಟ ಕೆಪಾಸಿಟರುಗಳ ಒಳಗೆ ಇರುವಂಥದು. ತೊಂಬತ್ತೈದರಲ್ಲಿ ಅರವತ್ತು ಆಸಿಲೋಸ್ಕೋಪುಗಳನ್ನು ಕೆಲಸಕ್ಕೆ ಬಾರದವು ಎಂದು ಬರೆದು, ಒಳಗಿನದನ್ನು ಕತ್ತರಿಸಿ, ಲೋಹ ಕರಗಿಸುವವರಿಗೆ ಕಳಿಸಿದರು. ಅವರಿಂದ ಬಂದ ಕಾಗದದಲ್ಲಿ ಪಲ್ಲಾಡಿಯಂ ಪುಸ್ತಕದಲ್ಲಿದ್ದುದರ ಮೂರರಲ್ಲಿ ಒಂದು ಭಾಗವೂ ಇರಲಿಲ್ಲ. ಆ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಬಿಚ್ಚಿ ಮುಚ್ಚಿದವರು ಯಾರು, ರಿಪೇರಿ ಬೆಂಚಿನ ಮುಖ್ಯಸ್ಥರು. ಅಂದರೆ ನೀವು.

ಮೂರು ಜನರ ಕಮಿಷನ್ ಕೂತಿತು. ಮುಖ್ಯ ಎಂಜಿನಿಯರು ಒಬ್ಬರು, ಸಿಬ್ಬಂದಿ ವಿಭಾಗದ ಮುಖ್ಯಸ್ಥರು ಒಬ್ಬರು. ಮೂರನೆಯವರು ರಾಜಧಾನಿಯಿಂದ ಬಂದ ಯಾರೋ ಅಧಿಕಾರಿ ಎಂದು ನೀವೇ ಅತ್ತೆಗೆ ಹೇಳಿದ್ದಿರಂತೆ. ಅತ್ತೆ ಹಾಗೇ ಬರೆ ಎಂದರು, ಹಾಗೇ ಬರೆದಿದ್ದೇನೆ. ಪಲ್ಲಾಡಿಯಂ ಕೆಪಾಸಿಟರುಗಳನ್ನು ಕತ್ತರಿಸಿಕೊಂಡು ಬದಲಿಗೆ ಅಗ್ಗದವನ್ನು ಬೆಸೆದಿದ್ದಾರೆ ಎಂದು ಮೂವರೂ ಸಹಿ ಹಾಕಿದರು. ಪೊಲೀಸರ ತನಕ ಹೋಗುವುದು ಬೇಡ, ರಾಜೀನಾಮೆ ಕೊಟ್ಟು ಊರು ಬಿಡಲಿ ಎಂದು ತೀರ್ಮಾನವಾಯಿತು. ನೀವು ಒಂದು ಮಾತೂ ವಾದಿಸದೆ ಮಾರನೆಯ ದಿನದ ಬಸ್ಸು ಹತ್ತಿದಿರಿ. ಆಮೇಲೆ ಎರಡು ವರ್ಷ ಮದುವೆ ಮನೆಗಳಲ್ಲಿ ಅತ್ತೆಯನ್ನು ಬಾಗಿಲ ಪಕ್ಕದಲ್ಲಿ ಕೂರಿಸಿದರು. ಈ ಊರಿನಲ್ಲಿ ಆ ವಯಸ್ಸಿನವರನ್ನು ಬಾಗಿಲ ಪಕ್ಕ ಕೂರಿಸುವುದು ಅಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಾನು ನಿಮ್ಮ ಹಿಂದೆ ಬರಲಿಲ್ಲ. "ನನಗೋಸ್ಕರ ಉಳ್ಕೊಂಡಳು ಅಂತ ಬರಿ. ಇಂಥ ಸೊಸೆ ಏಳು ಊರು ಹುಡುಕಿದ್ರೂ ಸಿಗಲ್ಲ, ಅದನ್ನೂ ಬರಿ" ಎನ್ನುತ್ತಿದ್ದಾರೆ. ಬರೆದಿದ್ದೇನೆ.

ಸೋಮವಾರ, ಮಂಗಳವಾರ ಎರಡೂ ದಿನ ನಾನು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮೇಲೊಂದು ಬಟ್ಟೆ ಹೊದಿಸಿ ಮೇಜಿನ ಅರ್ಧಕ್ಕೆ ಸರಿಸಿದೆ. ಉಳಿದ ಅರ್ಧದಲ್ಲಿ ಊಟ. ಅತ್ತೆ ಚಹಾದ ಬಟ್ಟಲನ್ನು ಅದಕ್ಕೆ ಒರಗಿಸಿ ಇಡುತ್ತಿದ್ದರು, ಮನೆಗೆ ಬಂದ ನೆಂಟರ ಪಕ್ಕ ಇಡುವ ಹಾಗೆ. ಬಿಡಿಭಾಗ ಸಿಗುವುದಿಲ್ಲ ಎಂದೆ. ನಕ್ಷೆ ಇಲ್ಲದೆ ಕೈ ಹಾಕುವ ಹಾಗಿಲ್ಲ ಎಂದೆ. ಇಲಿ ಗೂಡು ಕಟ್ಟಿರುತ್ತದೆ ಎಂದೆ.

"ಪಕ್ಕದ ಮನೆ ಟೀವಿ ಬಿಚ್ಚೋವಾಗ ನಕ್ಷೆ ಕೇಳಿದ್ಯಾ ನೀನು? ಇದಕ್ಕೆ ಮಾತ್ರ ಎರಡು ದಿನದಿಂದ ನೆಪ ಹುಡುಕ್ತಿದ್ದೀಯ" ಎಂದರು ಅತ್ತೆ.

ಕೊನೆಗೆ ಇದ್ದದ್ದನ್ನು ಹೇಳಿದೆ. ಅತ್ತೆಯನ್ನು ನಾನು ಅಪಾ ಎಂದೇ ಕರೆಯುವುದು. ಅಪಾ, ತೆರೆದಾಗ ಒಳಗೆ ಕೆಪಾಸಿಟರ್ ಕತ್ತರಿಸಿದ ಗುರುತು ಕಂಡರೆ ಏನು ಮಾಡುವುದು, ಮುಚ್ಚಿದ ಪೆಟ್ಟಿಗೆ ಮುಚ್ಚಿಯೇ ಇದ್ದರೆ ಯಾರಿಗೇನು ನಷ್ಟ ಎಂದೆ. ಅತ್ತೆ ನಕ್ಕರು. "ನನ್ನ ಮಗನನ್ನ ನಾನು ಹೆತ್ತಿದ್ದೀನಿ, ನೀನು ಬರೀ ಮದುವೆಯಾಗಿದ್ದೀಯ. ಅದಕ್ಕೇ ನಿನಗೆ ಹೆದರಿಕೆ" ಎಂದರು.

ಬುಧವಾರ ಬೆಳಿಗ್ಗೆ ಪೆಟ್ಟಿಗೆ ಮೇಜಿನ ಮೇಲೆ ಬಹಳ ಜಾಗ ತಿನ್ನುತ್ತಿದೆ ಎಂದು ಅದನ್ನು ಬಾಗಿಲ ಹತ್ತಿರಕ್ಕೆ ತಂದಿಟ್ಟೆ.

ಇದನ್ನು ಓದಿ ಹೇಳಿದಾಗ ಅತ್ತೆ ಮೇಜು ಕುಟ್ಟಿದರು. "ಜಾಗ ತಿನ್ನುತ್ತೆ ಅಂತಲ್ಲ. ಗುಜರಿಯವನಿಗೆ ಕೊಡೋಕೆ ಹೊರಟಿದ್ದೆ ಅಂತ ಬರಿ."

ಹೌದು. ಮಮಾಸಾದಿಕ್‌ಗೆ ಕೊಡಲು ಹೊರಟಿದ್ದೆ. ಇಪ್ಪತ್ತು ಕಿಲೋ ಮೇಲಿನ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆಯುವ ಸದ್ದು ಕೇಳಿ ಅತ್ತೆ ಹಾಸಿಗೆಯಿಂದ ಎದ್ದು ಬಂದರು. ಒಳಗೆ ಹೋಗಿ ಒಂದು ಇಡೀ ರೊಟ್ಟಿ ತಂದು ಪೆಟ್ಟಿಗೆಯ ತಲೆ ಮೇಲೆ ಇಟ್ಟು, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಇಟ್ಟ ರೊಟ್ಟಿಯನ್ನು ಎತ್ತಿ ಕೆಳಗಿಡುವ ಧೈರ್ಯ ನಮ್ಮಲ್ಲಿ ಯಾರಿಗಿದೆ. ಮಮಾಸಾದಿಕ್ ತೂಕದ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಬಂದವನು ಅದನ್ನು ಕಂಡು ಹೊಸ್ತಿಲಲ್ಲೇ ನಿಂತ. ಆಮೇಲೆ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯ ಬೆನ್ನಿನ ತಗಡು ಓದಿದ.

"ರೊಟ್ಟಿ ತೆಗೀಬೇಡಿ ಅಜ್ಜಿ. ನನಗಿದು ಬೇಡ. ಎಂಬತ್ತೇಳರ ಮಾಲು ಇದು. ಹೊಟ್ಟೇಲಿ ಏನೂ ಇಲ್ಲ" ಎಂದ.

"ಏನೂ ಇಲ್ವಾ? ಯಾರು ಕದ್ದರು?" ಎಂದರು ಅತ್ತೆ.

"ಕದಿಯೋಕೆ ಇದ್ರೆ ತಾನೆ ಕದಿಯೋದು. ಎಂಬತ್ತಾರರ ತನಕ ಹಸಿರು ಚೌಕದ ಕೆಪಾಸಿಟರ್ ಹಾಕ್ತಿದ್ರು, ಅದರಲ್ಲಿ ಪಲ್ಲಾಡಿಯಂ ಇತ್ತು. ಎಂಬತ್ತೇಳರಿಂದ ಅಗ್ಗದ್ದು, ಇಟ್ಟಿಗೆ ಬಣ್ಣದ ಬಿಲ್ಲೆ. ಮಾಡಿದ ಜಾಗದಲ್ಲೇ ಹಂಗೆ. ಪುಸ್ತಕ ಮಾತ್ರ ಹಳೇ ಅಚ್ಚಿಂದೇ ಇಟ್ಟು ಕಳಿಸ್ತಿದ್ರು. ಆ ಪುಸ್ತಕ ನಂಬಿಕೊಂಡು ನಾನೂ ಒಂದು ಲೋಡ್ ತಗೊಂಡು ಕೈ ಸುಟ್ಕೊಂಡಿದ್ದೀನಿ. ನಮ್ಮ ಕಸುಬಿನೋರಿಗೆಲ್ಲ ಗೊತ್ತಿರೋದೇ ಇದು."

ಅತ್ತೆ ಅವನನ್ನು ಒಳಗೆ ಕರೆದು, ಚಹಾ ಹಾಕಿಸಿ, "ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳು" ಎಂದರು. ಅವನು ಹೇಳಿದ. ಮತ್ತೊಂದು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಅವನಿಗೇ ಗಾಬರಿಯಾಯಿತು.

"ಅಜ್ಜಿ, ನಾನು ಹೇಳಿದ್ರೆ ಯಾರು ಕಿವಿಗೆ ಹಾಕ್ಕೋತಾರೆ? ಗುಜರಿಯವನ ಮಾತು. ತೆರೆದು ತೋರಿಸಿದ್ರೂ ಒಳ್ಳೇದು ಕಿತ್ತು ಅಗ್ಗದ್ದು ಕೂರಿಸಿದಾರೆ ಅಂತಾನೇ ಅಂತಾರೆ" ಎಂದ.

ಅತ್ತೆ ನನ್ನ ಕಡೆ ತಿರುಗಿದರು. "ಮಾಡಿದಲ್ಲೇ ಕೂರಿಸಿದ್ದು ಯಾವುದು, ಆಮೇಲೆ ಕೂರಿಸಿದ್ದು ಯಾವುದು ಅಂತ ಗೊತ್ತಾಗಲ್ವಾ? ನೀನು ಓದಿದೋಳು, ಹೇಳು."

ಕಾರ್ಖಾನೆಯ ಅಳತೆ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ಕೂತವಳಿಗೆ ಗೊತ್ತಿಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು. ಗೊತ್ತಾಗುತ್ತದೆ ಅಪಾ ಎಂದೆ. ಒಂದೊಂದು ಕೆಪಾಸಿಟರಿನ ಮೇಲೂ ಅದು ತಯಾರಾದ ತಿಂಗಳು, ವರ್ಷ ಇರುತ್ತದೆ. ಬೆಸುಗೆಯ ಮೇಲೆ ಅರಗಿನಂಥ ಮೆರುಗು ಬಳಿದು, ಪರೀಕ್ಷೆ ಮಾಡಿದವಳು ನೀಲಿ ಬಣ್ಣದ ಚುಕ್ಕೆ ಇಟ್ಟಿರುತ್ತಾಳೆ. ಒಮ್ಮೆ ಬೆಸುಗೆ ಕಾಯಿಸಿದರೆ ಆ ಚುಕ್ಕೆ ಸುಟ್ಟುಹೋಗುತ್ತದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಬೇರೆ ಜಾತಿಯದನ್ನು ತಂದು ಕೂರಿಸಿದ್ದರೆ ಅದರ ಅಳತೆಯೂ ಓರೆಯಾಗುತ್ತದೆ, ಯಂತ್ರಕ್ಕೆ ಕರೆಂಟು ಕೊಟ್ಟು ಹೊತ್ತಿಸಿ ನೋಡಿದರೆ ತಿಳಿಯುತ್ತದೆ ಎಂದೂ ಹೇಳಿಬಿಟ್ಟೆ.

"ಹಾಗಾದ್ರೆ ಬರೀ ಬಿಚ್ಚಿದ್ರೆ ಸಾಲದು. ರಿಪೇರಿ ಮಾಡು. ಹೊತ್ತಿಸು. ಎಲ್ಲರ ಮುಂದೆ ಹೊತ್ತಿಸು" ಎಂದರು ಅತ್ತೆ. ಅಲ್ಲಿಗೆ ರಿಪೇರಿ ಮಾಡಬೇಕೋ ಬೇಡವೋ ಎಂಬ ನನ್ನ ಮೂರು ದಿನದ ಯೋಚನೆ ಮುಗಿಯಿತು. ಮಮಾಸಾದಿಕ್ ತಾನೇ ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲೆ ಇಟ್ಟುಕೊಟ್ಟು ಹೋದ. ರೊಟ್ಟಿಯನ್ನು ಅತ್ತೆ ಕೈಯಲ್ಲಿ ಹಿಡಿದುಕೊಂಡಿದ್ದರು.

ಗುರುವಾರ ಶಾಲೆ ಬಿಟ್ಟ ಮೇಲೆ ಶೇರ್‌ಬೋತೋ ಮೇಷ್ಟ್ರನ್ನು ಸಾಕ್ಷಿಗೆ ಕೂರಿಸಿಕೊಂಡು ಪೆಟ್ಟಿಗೆ ಬಿಚ್ಚಿದೆ. ಸ್ಕ್ರೂಗಳ ತಲೆಯ ಮೇಲಿನ ಮುದ್ರೆಯ ಅರಗು ಕಲ್ಲಾಗಿತ್ತು, ಚಾಕುವಿನ ಮೊನೆಯಿಂದ ಕೆರೆದು ತೆಗೆದೆ. ಒಳಗೆ ಇಲಿ ಇರಲಿಲ್ಲ. ಬರೀ ಧೂಳು. ಬ್ರಷ್ಷಿನಿಂದ ಧೂಳು ತೆಗೆಯುತ್ತ ಹೋದ ಹಾಗೆ ಇಟ್ಟಿಗೆ ಬಣ್ಣದ ಬಿಲ್ಲೆಗಳು ಕಾಣಿಸಿಕೊಂಡವು. ಮೇಷ್ಟ್ರು ಭೂತಗನ್ನಡಿ ಹಿಡಿದು ಒಂದೊಂದನ್ನೇ ಓದಿದರು. ಎಂಬತ್ತೇಳು ಫೆಬ್ರವರಿ. ಎಂಬತ್ತೇಳು ಫೆಬ್ರವರಿ. ಎಂಬತ್ತೇಳು ಮಾರ್ಚ್. ಪೆಟ್ಟಿಗೆಯ ತಗಡಿನ ಮೇಲೆ ಇದ್ದದ್ದು ಎಂಬತ್ತೇಳು ಮೇ. ನಲವತ್ತೆರಡು ಬಿಲ್ಲೆ, ನಲವತ್ತೆರಡರ ಮೇಲೂ ನೀಲಿ ಚುಕ್ಕೆ ಇಟ್ಟ ಹಾಗೇ ಇತ್ತು. ಅತ್ತೆ ಜಪಮಣಿಯಲ್ಲಿ ಎಣಿಸುತ್ತಿದ್ದರು. ಕೊನೆಯದನ್ನು ಓದಿದಾಗ ಮೇಷ್ಟ್ರು ಕನ್ನಡಕ ತೆಗೆದು, "ಇದರಿಂದ ಯಾರೂ ಏನೂ ತೆಗೆದಿಲ್ಲ ಅಜ್ಜಿ. ಉಳಿದ ಅರವತ್ತೂ ಇದರ ಜೊತೇಲೇ ಬಂದ ಮಾಲು. ಪುಸ್ತಕವೇ ಸುಳ್ಳು" ಎಂದರು.

ಅತ್ತೆ ಈಗ ಹೇಳಿ ಬರೆಸುತ್ತಿರುವುದನ್ನು ಅವರ ಮಾತಿನಲ್ಲೇ ಇಡುತ್ತೇನೆ. "ಎಸೆನ್‌ಬೆಕ್, ನಿನ್ನ ಹೆಂಡತಿ ಅವತ್ತೇ ಇದನ್ನ ಬಿಚ್ಚಿ ನೋಡಿದ್ದಿದ್ರೆ ನೀನು ಊರು ಬಿಡ್ತಿರಲಿಲ್ಲ ಮಗನೇ. ಪಾಪ, ಅವಳಿಗೆ ಯಾರು ತೋರಿಸಿದ್ರು? ಆ ಮೂರು ಜನ ಬಿಚ್ಚಿ ನೋಡದೆ ಸಹಿ ಹಾಕಿದ್ರು, ಅವರ ಕೈಗೆ ಏನಾಗಬೇಕೋ ದೇವರು ನೋಡ್ಕೋತಾನೆ."

ಬರೆದಿದ್ದೇನೆ. ಓದಿಯೂ ಹೇಳಿದೆ. ಸರಿಯಿದೆ ಎಂದರು.

ಶುಕ್ರವಾರ ಬೆಳಗಿನಿಂದ ರಿಪೇರಿಗೆ ಕೂತೆ. ದೊಡ್ಡ ಕೆಪಾಸಿಟರುಗಳು ಎರಡು ಒಣಗಿಹೋಗಿದ್ದವು. ಸತ್ತ ಟೀವಿಯೊಂದರಿಂದ ತೆಗೆದು ಹಾಕಿದೆ. ಇಷ್ಟು ವರ್ಷ ಮಲಗಿದ ಯಂತ್ರಕ್ಕೆ ಒಮ್ಮೆಗೇ ಕರೆಂಟು ಕೊಟ್ಟರೆ ಸಿಡಿಯುತ್ತದೆಂದು, ನೀವು ಮಾಡುತ್ತಿದ್ದ ಹಾಗೇ ತಂತಿಯ ನಡುವೆ ಒಂದು ದೀಪದ ಬಲ್ಬು ಸೇರಿಸಿದೆ. ಮೊದಲು ಬಲ್ಬು ಪೂರಾ ಹೊತ್ತಿತು. ಯಂತ್ರ ಕರೆಂಟು ಕುಡಿದುಕೊಂಡ ಹಾಗೆಲ್ಲ ಬಲ್ಬು ಮಂಕಾಗುತ್ತ ಬಂತು. ಮೂರು ಗಂಟೆ ಅದನ್ನೇ ನೋಡುತ್ತ ಕೂತಿದ್ದೆವು. ನಿಜ ಹೇಳುತ್ತೇನೆ, ಅದು ಸಿಡಿದು ಸುಟ್ಟುಹೋದರೆ ಸಾಕು ಎಂದು ನಡುವೆ ಒಮ್ಮೆ ಅನ್ನಿಸಿತು. ದಣಿವಿಗೆ ಹಾಗನ್ನಿಸುತ್ತದೆ. ಇದನ್ನು ಓದಿ ಹೇಳಿದಾಗ ಅತ್ತೆ, "ದಣಿದಿದ್ದಳು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ" ಎಂದರು.

ಮಧ್ಯಾಹ್ನದ ಹೊತ್ತಿಗೆ ಗಾಜಿನ ಮೇಲೆ ಹಸಿರು ಗೆರೆ ಮೂಡಿತು. ಮೊದಲು ದಪ್ಪಗೆ, ಆಮೇಲೆ ಕೂದಲಿನಷ್ಟು ತೆಳ್ಳಗೆ. ನನ್ನ ಬಳಿ ಉಳಿದಿದ್ದ ಕ್ವಾರ್ಟ್ಜ್ ಹರಳಿನ ಅಳತೆಗೆ ಹೋಲಿಸಿ ನೋಡಿದೆ. ಗಾಜಿನ ಮೇಲಿನ ಒಂದು ಚೌಕದಷ್ಟೂ ಆಚೀಚೆ ಇಲ್ಲ. ನಿಮ್ಮ ಬೆಂಚು ದಾಟಿ ಹೋದ ಯಂತ್ರ ಹಾಗಲ್ಲದೆ ಹೇಗಿರುತ್ತದೆ. ಅತ್ತೆ ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದರು. ಅಕ್ಷರ ಕಾಣದಿದ್ದರೂ ಬೆಳಕು ಅವರಿಗೆ ಕಾಣುತ್ತದೆ. "ಹಸಿರಾಗಿದೆ" ಎಂದರು. ಆಮೇಲೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ನನಗೆ ಅಳು ಬಂತು. ಅವರು ನನ್ನ ಕಣ್ಣು ಒರೆಸಿದರು.

ಮೇಷ್ಟ್ರು ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿದ್ದಾರೆ. ನಾನೂ ಹಾಕಿದ್ದೇನೆ. "ಅವತ್ತು ಮೂರು ಸಹಿ ಇತ್ತು, ಇವತ್ತೂ ಮೂರು ಇರಲಿ" ಎಂದು ಅತ್ತೆ ಸಂತೆಯಿಂದ ಮಮಾಸಾದಿಕ್‌ನನ್ನು ಕರೆಸಿ ಅವನಿಂದಲೂ ಹಾಕಿಸಿದರು. ಅದರ ಒಂದು ಪ್ರತಿ ಶಾಲೆಯ ಗೋಡೆಯ ಮೇಲಿದೆ, ಇನ್ನೊಂದನ್ನು ಇದರ ಜೊತೆ ಇಟ್ಟಿದ್ದೇನೆ. ನಾಳೆ ಇಡೀ ಕಟ್ಟಡಕ್ಕೆ, ಕಾರ್ಖಾನೆಯ ಹಳಬರಲ್ಲಿ ಉಳಿದವರಿಗೆ ನಮ್ಮ ಮನೆಯಲ್ಲಿ ಊಟ. ಕುರಿ ಗೊತ್ತುಮಾಡಿ ಆಯಿತು. ಯಂತ್ರವನ್ನು ನಡುವೆ ಇಟ್ಟು ಹೊತ್ತಿಸಬೇಕಂತೆ. ಬಾಗಿಲ ಎದುರಿನ ಮೇಲಿನ ಜಾಗದಲ್ಲಿ, ಹಿರಿಯರು ಕೂರುವಲ್ಲಿ, ಈ ಸಲ ನನ್ನನ್ನು ಕೂರಿಸುತ್ತಾರಂತೆ. ಬೇಡ ಎಂದೆ. ಕೇಳಲಿಲ್ಲ.

ನಿನ್ನ ಹೆಸರಿಗೆ ಅಂಟಿದ್ದು ಹೋಯಿತು, ಇನ್ನು ಯಾರ ಮುಖವನ್ನೂ ತಪ್ಪಿಸಿಕೊಂಡು ಓಡಾಡಬೇಕಿಲ್ಲ, ಚಳಿ ಬಲಿತು ಕಣಿವೆ ದಾರಿ ಮುಚ್ಚುವ ಮೊದಲು ಬಂದುಬಿಡು ಎಂದು ಅತ್ತೆ ಹೇಳುತ್ತಿದ್ದಾರೆ. ತಮಗೆ ಎಪ್ಪತ್ತೆಂಟಾಯಿತು ಎಂದೂ ನೆನಪಿಸಲು ಹೇಳಿದರು. ಅವರ ಆಶೀರ್ವಾದ.

ಇಂತಿ,
ನಿಮ್ಮ ಮನೆಯವಳು
ತಾಜಿಗುಲ್

ಮರೆತ ಮಾತು:

ಈ ಹಾಳೆಯನ್ನು ಓದಿ ಹೇಳಿಲ್ಲ. ಅತ್ತೆ ನಾಳೆಯ ಊಟಕ್ಕೆ ಕರೆಯಲು ಮೇಲಿನ ಮನೆಗಳಿಗೆ ಹೋಗಿದ್ದಾರೆ, ಅವರು ಕೆಳಗಿಳಿಯುವುದರೊಳಗೆ ಬರೆದು ಲಕೋಟೆ ಅಂಟಿಸಬೇಕು.

ಕಮಿಷನ್ನಿನ ಮೂರನೆಯ ಸಹಿ ನನ್ನದು. ಅದು ನಿಮಗೆ ಗೊತ್ತು. ಗೊತ್ತಿದ್ದೂ ರಾಜಧಾನಿಯಿಂದ ಬಂದ ಯಾರೋ ಎಂದು ಅತ್ತೆಗೆ ಹೇಳಿ ಹೋದಿರಿ. ಕಾಗದ ನಂಬಿ ಮೋಸಹೋದಳು ಎಂದುಕೊಂಡು ಹಾಗೆ ಮಾಡಿದಿರಿ. ಹನ್ನೊಂದು ವರ್ಷ ನೀವು ಹಾಗೆಂದುಕೊಂಡಿರಲಿ ಎಂದು ಬಿಟ್ಟೆ.

ನಾನು ಮೋಸಹೋಗಿರಲಿಲ್ಲ. ತೊಂಬತ್ತೈದರ ಮೇ ತಿಂಗಳಲ್ಲಿ ಶಾಲೆಯ ಈ ಪೆಟ್ಟಿಗೆ ವರ್ಷದ ತಪಾಸಣೆಗೆ ನನ್ನ ಮೇಜಿಗೆ ಬಂದಿತ್ತು. ಕಮಿಷನ್ ಕೂರಲು ಐದು ದಿನ ಇತ್ತು. ಬಿಚ್ಚಿ ನೋಡಿದೆ. ಇದೇ ಬಿಲ್ಲೆ, ಇದೇ ತಿಂಗಳು, ಇದೇ ನೀಲಿ ಚುಕ್ಕೆ. ಪುಸ್ತಕವೇ ಸುಳ್ಳು ಎಂದು ತಿಳಿಯಲು ನನಗೆ ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮತ್ತೆ ಮುಚ್ಚಿ, ಅರಗು ತುಂಬಿ, ನನ್ನ ಮುದ್ರೆ ಒತ್ತಿದೆ. ಐದನೆಯ ದಿನ ನಿಮ್ಮ ಹೆಸರು, ನಿಮ್ಮ ತಂದೆಯ ಹೆಸರು, ಮನೆತನದ ಹೆಸರು, ಸೊಸೆಯಾಗಿ ನಾನು ಬಾಯಲ್ಲಿ ಉಚ್ಚರಿಸದ ಮೂರನ್ನೂ ಪೂರಾ ಬರೆದು ಕೆಳಗೆ ಸಹಿ ಹಾಕಿದೆ.

ಹೆದರಿಸಿದ್ದರು ಎಂದು ಬರೆಯಲು ಈಗ ಎರಡು ಸಲ ಕೈ ಹೋಯಿತು. ಯಾರೂ ಹೆದರಿಸಿರಲಿಲ್ಲ. ಅಳತೆ ಪ್ರಯೋಗಾಲಯದ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತಿತ್ತು. ಕಮಿಷನ್ ಒಮ್ಮತದಿಂದ ಮುಗಿದರೆ ಅದು ನನಗೆ ಎಂದು ಮುಖ್ಯ ಎಂಜಿನಿಯರು ನಗುತ್ತ ಹೇಳಿದ್ದರು. ನನಗೆ ಆ ಕುರ್ಚಿ ಬೇಕಿತ್ತು. ನಾನು ನಿಮಗಿಂತ ಚೆನ್ನಾಗಿ ಅಳೆಯುತ್ತಿದ್ದೆ, ಊರೆಲ್ಲ ನನ್ನನ್ನು ನಿಮ್ಮ ಹೆಂಡತಿ ಎಂದೇ ಕರೆಯುತ್ತಿತ್ತು. ಏಳು ತಿಂಗಳು ಅದರಲ್ಲಿ ಕೂತೆ, ಕಾರ್ಖಾನೆ ಮುಚ್ಚಿತು.

ಅತ್ತೆಗೆ ಹೇಳಲು ನಿನ್ನೆಯಿಂದ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವರು ನನಗೆ ಏನಾದರೂ ತಿನ್ನಲು ಕೊಟ್ಟರು. ನಾಳೆ ಅವರು ಎಲ್ಲರ ಮುಂದೆ ನನ್ನನ್ನು ಮೇಲಿನ ಜಾಗದಲ್ಲಿ ಕೂರಿಸುತ್ತಾರೆ, ನಾನು ಕೂರುತ್ತೇನೆ. ಈ ಮನೆಯಲ್ಲಿ ನನ್ನನ್ನು ಬೈಯುವವರು ಒಬ್ಬರಿದ್ದಿದ್ದರೆ ಎಂದೋ ಎದ್ದು ಹೋಗಿರುತ್ತಿದ್ದೆ. ಹೊಗಳುವವರನ್ನು ಬಿಟ್ಟು ಹೋಗುವುದು ನನಗೆ ಗೊತ್ತಾಗಲಿಲ್ಲ.

ಮೆಟ್ಟಿಲ ಮೇಲೆ ಅವರ ಕೋಲಿನ ಸದ್ದು ಕೇಳುತ್ತಿದೆ.

ಈ ಹಾಳೆಯನ್ನು ಸುಡಬೇಡಿ. ಬರುವಾಗ ತನ್ನಿ. ನಿಮ್ಮ ಎದುರಿಗೆ ನಾನೇ ಅವರಿಗೆ ಓದಿ ಹೇಳುತ್ತೇನೆ.